ಸಮ ತಪ್ಪಿದ ಸೂಜಿಗಲ್ಲು

ಬಹಳ ಕಾಲದ ಹಿಂದೆ, ಸೂಜಿಗಲ್ಲಿನ ಬೆಟ್ಟಗಳ ನಡುವೆ ಕಾಂತಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಪದ್ಮರಥನೆಂಬ ರಾಜಕುಮಾರನಿದ್ದ. ಕತೆಯ ರಾಜಕುಮಾರರು ಕುದುರೆ ಏರಿ ಮೀಸೆ ತಿರುವುತ್ತಾರೆ. ಇವನಿಗೆ ಕುದುರೆ ಏರುವಷ್ಟು ತ್ರಾಣವೂ ಉಳಿದಿರಲಿಲ್ಲ. ಮದ್ದು ಹುಡುಕುತ್ತ ಊರೂರು ಅಲೆದು ಕಾಲು ಸೋತಿದ್ದವು, ಮನಸ್ಸೂ ಸೋತಿತ್ತು.

ಎಲ್ಲವೂ ತಂಗಿ ಕುಮುದಿನಿಗಾಗಿ. ಕುಟಿಲಾಕ್ಷನೆಂಬ ಮಾಂತ್ರಿಕ ಅವಳ ಕೈ ಬೇಡಿದ್ದ. ಅವಳು ಒಲ್ಲೆ ಎಂದಳು. ಆ ಸಿಟ್ಟಿಗೆ ಅವನು ತನ್ನ ಪ್ರಾಣವನ್ನೇ ಒಂದು ಹಲ್ಲಿನ ಚೂರಿನಲ್ಲಿಟ್ಟು ಅವಳ ಮೈಯೊಳಗೆ ಊದಿಬಿಟ್ಟ. ಗಾಯವಿಲ್ಲ, ಗುರುತಿಲ್ಲ. ಹುಡುಗಿ ದಿನೇದಿನೇ ಕರಗತೊಡಗಿದಳು.

“ತೆಗೆಯಿರಿ ನೋಡೋಣ! ಸೂಜಿ ಒಂದೇ ಸಲ ಚುಚ್ಚಬೇಕು. ಜಾಗ ತಪ್ಪಿತೋ, ಇವಳು ಕಲ್ಲಾಗುತ್ತಾಳೆ,” ಎಂದು ನಕ್ಕು ಹೋಗಿದ್ದ.

ಕೊನೆಗೆ ಗವಿಯೊಂದರಲ್ಲಿ ಮಾತಾಡುವ ಮುದಿ ಕರಡಿ ಸಿಕ್ಕಿತು. ಕುಟಿಲಾಕ್ಷನ ಶಾಪದಿಂದ ಕರಡಿಯಾದ ವೈದ್ಯ ಅದು.

“ಮೈಯೆಂದರೆ ನೀರು, ಮಗೂ,” ಎಂದಿತು ಕರಡಿ. “ಸೂಜಿಗಲ್ಲುಗಳ ನಡುವೆ ಮಲಗಿಸಿ ಶಂಖ ಊದು. ಒಳಗಿನ ಒಂದೊಂದು ಹನಿಯೂ ಹಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹಲ್ಲಿನ ಸುತ್ತ ಬಾವಾಗಿ ಕಟ್ಟಿಕೊಂಡ ನೀರು ಮಾತ್ರ ಎಲ್ಲಕ್ಕಿಂತ ಕೊನೆಯವರೆಗೆ ಹಾಡುತ್ತದೆ. ಮೈ ಅಲುಗಬಾರದು, ಅಲುಗಿದರೆ ಸ್ವರ ಕಲಸಿಹೋಗುತ್ತದೆ.”

ಕಾಂತಗಿರಿಯಲ್ಲೊಂದು ಕಟ್ಟಳೆಯಿತ್ತು. ಸೂಜಿಗಲ್ಲನ್ನು ಜೋಡಿಯಾಗಿ, ತೂಗಿ, ಸರಿಸಮನಾಗಿಯೇ ಇಡಬೇಕು. ಸಮ ತಪ್ಪಿದರೆ ಮನೆಗೆ ಕೇಡು. ಪದ್ಮರಥ ಹಾಗೆಯೇ ತಂಗಿಯ ತಲೆಯ ಬಳಿ ಒಂದು, ಕಾಲ ಬಳಿ ಒಂದು ಇಟ್ಟು ಶಂಖ ಊದಿದ. ಮೈಯೆಲ್ಲ ಹಾಡಿತು, ಒಂದೇ ಸ್ವರದಲ್ಲಿ. ಕೊನೆಗೆ ಒಂದೇ ದನಿ ಉಳಿಯಿತು. ಆದರೆ ಎಲ್ಲಿಂದ? ತಲೆಯದೂ ಅದೇ ಸ್ವರ, ಕಾಲಿನದೂ ಅದೇ ಸ್ವರ. ಮತ್ತೆ ಊದಿದ. ಮತ್ತೆ ಅದೇ ಪಾಡು.

“ಸಾಕಣ್ಣ. ನನಗಿಂತ ನೀನೇ ರೋಗಿಯ ಹಾಗಿದ್ದೀಯ,” ಎಂದಳು ಕುಮುದಿನಿ.

ಇನ್ನೊಂದು ಜೋಡಿ ಇಟ್ಟು ನೋಡೋಣವೆಂದು ಅವನು ಕಲ್ಲು ಹೊತ್ತು ತಂದ. ತೋಳು ಸೋತು ಕಲ್ಲು ಅವಳ ತಲೆಯ ಬಳಿಯೇ ದೊಪ್ಪನೆ ಬಿತ್ತು. ಅದನ್ನು ಎತ್ತುವ, ಅದರ ಜೋಡಿ ತರುವ ಶಕ್ತಿ ಅವನಲ್ಲಿರಲಿಲ್ಲ. “ಕೇಡಾದರೆ ಆಗಲಿ. ಇದಕ್ಕಿಂತ ಇನ್ನೇನು ಕೇಡು?” ಎಂದು ಕುಳಿತಲ್ಲೇ ಶಂಖ ಊದಿದ.

ಹಾಡು ಬದಲಾಗಿತ್ತು! ಸೆಳೆತ ಹೆಚ್ಚಿದ್ದ ತಲೆಯ ಕಡೆಯ ಹನಿಗಳು ಏರುದನಿಯಲ್ಲಿ ಹಾಡಿದವು, ಕಾಲಿನ ಕಡೆಯವು ತಗ್ಗುದನಿಯಲ್ಲಿ. ನಡುವಿನವು ಮೆಟ್ಟಿಲು ಮೆಟ್ಟಿಲಾಗಿ ಇಳಿದವು. ಕೊನೆಗೆ ಉಳಿದ ದನಿ ನಡುದನಿಗಿಂತ ತುಸು ಮೇಲಿತ್ತು.

“ಪಕ್ಕೆಲುಬಿನ ಮಟ್ಟ,” ಎಂದ ಪದ್ಮರಥ. ಅಲ್ಲಿ ಅಡ್ಡಲಾಗಿ ಅರಿಸಿನದ ಗೆರೆ ಎಳೆದ.

ತನ್ನ ಪ್ರಾಣಕ್ಕೆ ಕುತ್ತು ಬಂತೆಂದು ದೂರದಲ್ಲಿದ್ದ ಕುಟಿಲಾಕ್ಷನಿಗೆ ತಿಳಿಯಿತು. ಪದ್ಮರಥ ತೆವಳುತ್ತ ಕಲ್ಲುಗಳನ್ನು ಎಡಬಲಕ್ಕೆ ದೂಡಿದ, ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ. ಶಂಖ ಊದುವಷ್ಟರಲ್ಲಿ ಮಾಂತ್ರಿಕ ಕಳಿಸಿದ ಕಟ್ಟಿರುವೆಗಳು ಅವಳ ಹಿಮ್ಮಡಿಗೆ ಮುತ್ತಿದವು. ಕುಮುದಿನಿ ಹಲ್ಲು ಕಚ್ಚಿ ಮಲಗಿದ್ದಳು. ದನಿ ಎಡಕ್ಕೆ ಸಿಕ್ಕಿತು. ಎರಡನೆಯ ಗೆರೆ ಮೊದಲನೆಯದನ್ನು ದಾಟಿತು.

ಇನ್ನು ಆಳ ತಿಳಿಯಬೇಕಿತ್ತು. ಆಮೇಲೆ ತಂದಿದ್ದ ದೊಡ್ಡ ಕಲ್ಲನ್ನು ಮಂಚದ ಕೆಳಗೆ ದೂಡಿ, ಅವಳ ಎದೆಯ ಮೇಲೆ ಹಲಗೆ ಅಡ್ಡವಿಟ್ಟು ಮೊದಲಿನ ಜೋಡಿಯ ಸಣ್ಣದೊಂದನ್ನು ಅದರ ಮೇಲಿಟ್ಟ. ಮೂರನೆಯ ಸಲ ಶಂಖ ಮೊಳಗಿತು. ಆಗ ಬಾಗಿಲಾಚೆ ಸತ್ತುಹೋದ ತಾಯಿಯ ದನಿ ಕರೆಯಿತು. “ಕುಮುದಾ, ಬಾರೇ ಮಗಳೇ. ಎದ್ದು ಬಾ.”

ಪದ್ಮರಥನೇ ಅರ್ಧ ಎದ್ದುನಿಂತ. ಕುಮುದಿನಿಯ ಕಣ್ಣಲ್ಲಿ ನೀರಿಳಿಯಿತು. ಮೈ ಮಾತ್ರ ಅಲುಗಲಿಲ್ಲ. ಕೊನೆಯ ದನಿ ಸಣ್ಣ ಕಲ್ಲಿನ ಕಡೆಯ ತಗ್ಗುಸ್ವರದಲ್ಲಿ ಹಾಡಿತು. ಒಂದು ಬೆರಳಿನ ಆಳ, ಅಷ್ಟೇ.

ಗೆರೆಗಳು ಕೂಡಿದಲ್ಲಿ, ಬೆರಳಿನ ಆಳಕ್ಕೆ ಅವನು ಸೂಜಿ ಇಳಿಸಿದ. ಕಪ್ಪು ಹಲ್ಲು ಅದರ ತುದಿಗೆ ಕಚ್ಚಿಕೊಂಡು ಹೊರಬಂತು. ಬಾಗಿಲಾಚೆ ಬಂದು ತಾಯಿಯ ದನಿಯಲ್ಲಿ ಕರೆದಿದ್ದ ಕುಟಿಲಾಕ್ಷ ಹಿಡಿ ಬೂದಿಯಾದ. ಗವಿಯ ಕರಡಿ ಮತ್ತೆ ವೈದ್ಯನಾಗಿ ಮನೆಯ ದಾರಿ ಹಿಡಿದ.

“ಅಮ್ಮ ಕರೆದರೂ ಹೇಗೆ ಮಲಗಿದ್ದೆಯೇ?” ಎಂದು ಕೇಳಿದ ಪದ್ಮರಥ.

“ಅದು ಅಮ್ಮನಲ್ಲ ಬಿಡು. ನಿನ್ನ ಮುಖ ನೋಡಿದ್ದರೆ ಅಮ್ಮ ಮೊದಲು ನಿನ್ನನ್ನೇ ಮಲಗು ಅನ್ನುತ್ತಿದ್ದಳು.”

ಅವನು ನಗಲು ಹೋದ, ಅಷ್ಟರಲ್ಲಿ ಕಲ್ಲುಗಳ ನಡುವೆಯೇ ನಿದ್ದೆ ಬಂತು. ಕುಮುದಿನಿ ಎದ್ದು ತನ್ನ ಹೊದಿಕೆ ಅವನಿಗೆ ಹೊದಿಸಿದಳು. ಕಾಂತಗಿರಿಯವರೆಲ್ಲ ಸುಖವಾಗಿದ್ದರು, ಅವನು ಏಳುವವರೆಗೆ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.