ಗಾಳಿ ಜಾಸ್ತಿ ಇರುವ ಜಾಗ

ಅರಿಶಿನಕುಂಟೆಯ ಪ್ರೌಢಶಾಲೆಯ ಪಿಟಿ ಮೇಷ್ಟ್ರು ಚಲಪತಿ ತನ್ನ ಮೂವತ್ತು ವರ್ಷದ ಬದುಕಿನಲ್ಲಿ ಒಬ್ಬ ಹೆಣ್ಣುಮಗಳನ್ನು ಕಾಪಾಡಲು ಹೋಗಿದ್ದು ಒಂದೇ ಸಲ. ಆ ಸಲವೂ ಅವಳನ್ನು ಬೀಳಿಸಿಯೇ ಬಿಟ್ಟ.

ಸರ್ವಿಸ್ ರಸ್ತೆಯ ಇಳಿಜಾರಿನಲ್ಲಿ, ನಾಲ್ಕು ಗಾಲಿಯ ಹಲಗೆಯೊಂದರ ಮೇಲೆ ನಿಂತು, ಜಡೆ ಹಾರಿಸಿಕೊಂಡು ಅವಳು ಸರ್ರನೆ ಬರುತ್ತಿದ್ದಳು. ಹಲಗೆಗೆ ಬ್ರೇಕ್ ಇಲ್ಲವೆಂಬುದು ಅವನಿಗೆ ದೂರದಿಂದಲೇ ಕಂಡಿತು. ಓಡಿಹೋಗಿ ಕೈ ಹಿಡಿದು ಎಳೆದ. ಹಲಗೆ ತನ್ನ ಪಾಡಿಗೆ ಮುಂದೆ ಹೋಯಿತು. ಇವರಿಬ್ಬರೂ ಯಾರೋ ಮನೆ ಕಟ್ಟಲು ತಂದು ಸುರಿದಿದ್ದ ಮರಳಿನ ಮೇಲೆ ಬಿದ್ದರು.

"ಬ್ರೇಕ್ ಫೇಲ್ ಆಗಿತ್ತಲ್ವಾ?" ಎಂದ, ಬಾಯೊಳಗಿನ ಮರಳು ಉಗುಳುತ್ತಾ.

ಅವಳು ರೆಪ್ಪೆಯ ಮೇಲಿನ ಧೂಳು ಒರೆಸಿಕೊಂಡು ಅವನನ್ನು ನೋಡಿದಳು. ಬೈಯಬೇಕೋ ನಗಬೇಕೋ ಎಂದು ಆ ಕಣ್ಣುಗಳಿನ್ನೂ ತೀರ್ಮಾನಿಸಿರಲಿಲ್ಲ.

"ಇದಕ್ಕೆ ಬ್ರೇಕೇ ಇರಲ್ಲ ಸರ್. ಕಾಲೇ ಬ್ರೇಕು. ಈಗ ಅದೂ ಉಳುಕ್ತು."

ಅವಳ ಹೆಸರು ಸಂಘಮಿತ್ರ. ಹೊಸಕೋಟೆಯವಳು. ಸ್ಕೇಟ್ ಪಾರ್ಕ್ ಕಟ್ಟಿಸುವ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಎಂಜಿನಿಯರ್. ಊರಿನ ಮಕ್ಕಳಿಗೊಂದು ಪಾರ್ಕ್ ಕಟ್ಟಿಕೊಡಲು ಯಾವುದೋ ಕಂಪನಿ ಒಪ್ಪಿದ್ದರಿಂದ ಜಾಗ ನೋಡಲು ಬಂದಿದ್ದಳು. ಅವಳಿಗೆ ಜಾಗ ತೋರಿಸಲು ಪಂಚಾಯಿತಿ ನೇಮಿಸಿದ್ದು ಚಲಪತಿಯನ್ನೇ.

ಸ್ಕೇಟ್ ಪಾರ್ಕ್ ಎಂದರೇನೆಂದು ಅವಳು ಊರಿಗೆಲ್ಲ ವಿವರಿಸಿದಳು. ಸಿಮೆಂಟಿನ ತಗ್ಗು, ದಿಬ್ಬ, ಇಳಿಜಾರು. ಅದರ ಮೇಲೆ ಮಕ್ಕಳು ಹಲಗೆ ಹತ್ತಿ ಜಾರುತ್ತಾರೆ. ಹಿರಿಯರಾದ ಚಿಕ್ಕವೆಂಕಟಪ್ಪ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಕೊಳವೇನೋ ಚೆನ್ನಾಗಿದೆ, ನೀರು ಎಲ್ಲಿಂದ ಬಿಡ್ತೀರವ್ವ ಎಂದು ಕೇಳಿದರು. ಆಮೇಲೆ ಸಿಕ್ಕಾಗಲೆಲ್ಲ ಅದನ್ನೇ ಕೇಳಿದರು.

ಶನಿವಾರಕ್ಕೊಂದು ಜಾಗ ನೋಡತೊಡಗಿದರು. ಮೊದಲು ನೋಡಿದ್ದು ಕೆರೆಯ ಪಕ್ಕದ್ದು, ಮಳೆ ಬಂದರೆ ನಿಜವಾಗಿಯೂ ಕೊಳವಾಗುವಂಥದ್ದು. ಎರಡನೆಯದು ಲಾರಿಗಳು ತಿರುಗುವ ಕಡೆ. ಮೂರನೆಯದು ಪಂಚಾಯಿತಿ ಆಫೀಸಿನ ಹಿಂದಿನ ಹಳೇ ಸಂತೆ ಮೈದಾನ. ಸಂತೆ ಹೈವೇ ಪಕ್ಕಕ್ಕೆ ಹೋದಮೇಲೆ ಅಲ್ಲಿ ಆಡುಗಳು ಮಾತ್ರ ಇದ್ದವು. ಸಮತಟ್ಟು ನೆಲ, ಹೊಂಗೆ ಮರದ ನೆರಳು, ಸುತ್ತ ಮನೆಗಳು. ಸಂಘಮಿತ್ರ ಹಳೇ ಸಿಮೆಂಟು ಕಟ್ಟೆಯ ಮೇಲೆ ಒಂದು ಸುತ್ತು ಹಲಗೆ ಓಡಿಸಿ ಬಂದು ಅವನೆದುರು ನಿಂತಳು. ಮೂಗಿನ ತುದಿಯಲ್ಲಿ ಬೆವರ ಹನಿ. ಕೆನ್ನೆಗೆ ಅಂಟಿದ ಒಂದೆಳೆ ಕೂದಲು.

"ಇದೇ ಸರಿ ಅಲ್ವಾ ಮೇಷ್ಟ್ರೇ?"

ಹೂಂ ಎಂದರೆ ಕೆಲಸ ಮುಗಿಯಿತು. ಮುಂದಿನ ಶನಿವಾರ ಇವಳು ಬರುವುದಿಲ್ಲ. ಆ ಯೋಚನೆ ಬಂದದ್ದೇ ತಡ, ಅವನ ನಾಲಿಗೆ ಅವನ ಮಾತು ಕೇಳಲಿಲ್ಲ.

"ಇಲ್ಲಿ ಗಾಳಿ ಜಾಸ್ತಿ ಮೇಡಂ. ಆಷಾಢದಲ್ಲಿ ಮಕ್ಕಳನ್ನ ಹೊತ್ಕೊಂಡು ಹೋಗ್ಬಿಡುತ್ತೆ."

ಹೊಂಗೆ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಅವಳು ಮರವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಊರಿನವರು ಹೇಳಿದ ಮೇಲೆ ಇರಬಹುದು ಎಂದುಕೊಂಡು ಪಂಚಾಯಿತಿಗೂ ಹಾಗೆಯೇ ತಿಳಿಸಿದಳು.

ಆಮೇಲಿನ ಜಾಗವೊಂದರಲ್ಲಿ ಅವನು ಹಾವು ಕಂಡ. ಇನ್ನೊಂದರಲ್ಲಿ ಕೋತಿ ಕಾಟ ಎಂದ. ಪ್ರತಿ ಶನಿವಾರ ಜಾಗ ಬೇಡವಾದಮೇಲೆ ಇಬ್ಬರೂ ಭಾಗ್ಯಮ್ಮನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದರು. ತನ್ನ ಚಟ್ನಿಯನ್ನು ಅವನ ತಟ್ಟೆಗೆ ದಾಟಿಸುವುದು ಅವಳಿಗೆ ರೂಢಿಯಾಯಿತು. ತಿಂದಮೇಲೆ ಶಾಲೆಯ ಅಂಗಳದಲ್ಲಿ ಅವಳು ಹಲಗೆಯ ಮೇಲೆ ನಿಲ್ಲುವುದನ್ನು ಕಲಿಸುತ್ತಿದ್ದಳು, ಹೆಣ್ಣುಮಕ್ಕಳಿಗೆ ಮತ್ತು ಮೇಷ್ಟ್ರಿಗೆ. ಹುಡುಗಿಯರು ಬೇಗ ಕಲಿತರು. ಮೇಷ್ಟ್ರು ಮೊಣಕೈ ಹಿಡಿಯುವವರಿಲ್ಲದೆ ನಿಲ್ಲಲಾರದಾದ. ಬಿದ್ದದ್ದರಲ್ಲಿ ನಿಜವೆಷ್ಟು, ನಟನೆಯೆಷ್ಟು ಎಂಬುದು ಅವನಿಗೂ ತಿಳಿಯದು.

ಒಂದು ದಿನ ಭಾಗ್ಯಮ್ಮ ಲೋಟ ಇಡುವ ನೆಪದಲ್ಲಿ ಬಗ್ಗಿ ಕೇಳಿಯೇಬಿಟ್ಟಳು. "ಅಲ್ಲಪ್ಪಾ, ನೀನು ಹುಡುಕ್ತಿರೋದು ಜಾಗಾನೋ, ಹುಡುಗೀನೋ?"

ಆ ವಾರವೇ ಸಂಘಮಿತ್ರ ಫೋನ್ ಮಾಡಿದಳು. ಪಿಲ್ಲಗುಂಪೆ ಊರಿನವರು ಜಾಗ ಗೊತ್ತುಮಾಡಿಕೊಂಡು ಕಾಯುತ್ತಿದ್ದಾರಂತೆ. ನಾಳಿನ ಗ್ರಾಮಸಭೆಯಲ್ಲಿ ಇಲ್ಲಿಯದು ತೀರ್ಮಾನವಾಗದಿದ್ದರೆ ಪಾರ್ಕ್ ಅಲ್ಲಿಗೆ. ಅವಳು ಬೇಸರಪಟ್ಟುಕೊಂಡದ್ದು ತನಗಾಗಿ ಅಲ್ಲ. ಅಂಗಳದಲ್ಲಿ ಸರದಿ ಕಾಯುವ ಆ ಹುಡುಗಿಯರಿಗೆ ಏನು ಹೇಳಲಿ ಎಂದಳು. ಚಲಪತಿಗೆ ಆ ದಿನ ಊಟ ಸೇರಲಿಲ್ಲ.

ಸಭೆಯಲ್ಲಿ ಅವನು ಎದ್ದು ನಿಂತು, ಸಂತೆ ಮೈದಾನಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ ಎಂದ. ಎಲ್ಲರ ಕಣ್ಣೆದುರಿರುವ ಜಾಗವಾದ್ದರಿಂದ ಹೆಣ್ಣುಮಕ್ಕಳನ್ನೂ ಧೈರ್ಯವಾಗಿ ಕಳಿಸಬಹುದು ಎಂದ. ಅಧ್ಯಕ್ಷ ಮುನಿರಾಮಯ್ಯ ತಲೆಯಾಡಿಸಿದರು. ಅಷ್ಟರಲ್ಲಿ ಚಿಕ್ಕವೆಂಕಟಪ್ಪ ಕೋಲೂರಿ ಎದ್ದರು.

"ಅಲ್ಲಿ ಗಾಳಿ ಜಾಸ್ತಿ ಅಂದಿದ್ಯಲ್ಲಪ್ಪಾ. ಈಗ ಎಲ್ಲೋಯ್ತು ಗಾಳಿ?"

ಸಭೆ ಅವನತ್ತ ತಿರುಗಿತು. ಮುಂದಿನ ಸಾಲಿನಲ್ಲಿದ್ದ ಸಂಘಮಿತ್ರಳೂ ತಿರುಗಿದಳು. ಇನ್ನೊಂದು ಸುಳ್ಳು ಹುಡುಕಿದ, ಸಿಗಲಿಲ್ಲ.

"ಗಾಳಿ ಇರ್ಲೇ ಇಲ್ಲ. ಹಾವೂ ಇರ್ಲಿಲ್ಲ. ಜಾಗ ಸಿಕ್ಬಿಟ್ರೆ ಮೇಡಂ ಬರೋದು ನಿಂತೋಗುತ್ತಲ್ಲ ಅಂತ ಸುಳ್ಳು ಹೇಳ್ದೆ. ನಂಗೆ ಅವರು ಬರ್ತಾನೇ ಇರ್ಬೇಕಿತ್ತು."

ಬರೆದುಕೊಳ್ಳುತ್ತಿದ್ದ ಪಿಡಿಒ ಪೆನ್ನು ಎತ್ತಿ, ಇದನ್ನೂ ನಡಾವಳಿಗೆ ಸೇರಿಸಬೇಕೇ ಎಂದು ಅಧ್ಯಕ್ಷರನ್ನು ವಿಚಾರಿಸಿದರು. ಸಭೆ ಗೊಳ್ಳೆಂದು ನಕ್ಕಿತು. ಸಂಘಮಿತ್ರ ನಗಲಿಲ್ಲ. ಎದ್ದು ಹೊರಗೆ ಹೋದಳು.

ಅವನು ಹಿಂದೆಯೇ ಓಡಿದ. ಅವಳು ಮೆಟ್ಟಿಲ ಬಳಿ ಬೆನ್ನು ಮಾಡಿ ನಿಂತಿದ್ದಳು.

"ಮಕ್ಕಳ ಜಾಗ ಅದು. ಅದ್ರಲ್ಲಿ ಆಟ ಆಡಿದ್ರಿ."

ತಪ್ಪಾಯಿತು ಎಂದ. ಸಬೂಬು ಹೇಳಲಿಲ್ಲ. ಅವಳು ತಿರುಗಿದಳು. ಕಿವಿಗಳು ಕೆಂಪಾಗಿದ್ದವು.

"ಪಾರ್ಕ್ ಕಟ್ಟೋದು ಯಾರು ಅಂದ್ಕೊಂಡಿದ್ರಿ? ನಾನೇ ನಿಂತು ಕಟ್ಟಿಸ್ಬೇಕು. ತಿಂಗಳಾನುಗಟ್ಟಲೆ ಇಲ್ಲೇ ಮನೆ ಮಾಡ್ಕೊಂಡಿರ್ಬೇಕು. ಅವತ್ತೇ ಹೂಂ ಅಂದಿದ್ರೆ ದಿನಾ ಸಿಗ್ತಿದ್ದೆ. ವಾರಕ್ಕೊಂದ್ಸಲ ನೋಡೋಕೆ ಇಷ್ಟು ಸುಳ್ಳು ಬೇಕಿತ್ತಾ, ಚಲಪತಿ?"

ಅವಳು ಮೇಷ್ಟ್ರೇ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಚಲಪತಿ ಮೆಟ್ಟಿಲ ಮೇಲೆ ಕುಳಿತ. ತನ್ನಷ್ಟು ದಡ್ಡ ಈ ತಾಲ್ಲೂಕಿನಲ್ಲೇ ಇಲ್ಲ ಎಂಬುದು ಖಾತ್ರಿಯಾಯಿತು. ಅವಳೂ ಪಕ್ಕದಲ್ಲಿ ಕುಳಿತಳು, ನಡುವೆ ಒಂದು ಗೇಣು ಬಿಟ್ಟು.

"ಹಂಗಾದ್ರೆ... ಮನೆ ನೋಡ್ಲಾ?" ಎಂದು ಕೇಳಿದ.

"ನೋಡಿ. ನೀರು ಚೆನ್ನಾಗಿ ಬರ್ಬೇಕು. ಬೆಳಿಗ್ಗೆ ಬಿಸಿಲು ಬೀಳ್ಬೇಕು." ಅವಳು ಚಪ್ಪಲಿಯ ತುದಿಯನ್ನೇ ನೋಡುತ್ತಾ ದನಿ ತಗ್ಗಿಸಿದಳು. "ಇಬ್ರಿಗೆ ಸಾಲೋ ಹಂಗಿರ್ಲಿ. ಈಗಲೇ ಅಲ್ಲ. ಆಮೇಲಕ್ಕೆ."

ಒಳಗೆ ಠರಾವು ಪಾಸಾಗಿ ಚಪ್ಪಾಳೆ ಬಿತ್ತು. ಹೊರಗೆ ಕುಳಿತ ಇಬ್ಬರಿಗೂ ಅದು ಕೇಳಿಸಲಿಲ್ಲ.