ಮಗುಚುವ ಮೊದಲೇ ಬಂದ ಪ್ರಕಟಣೆ

ಸಾನಮಾವು ಕಾಡಂಚಿನಲ್ಲಿ ಗಂಡಾನೆ ಸತ್ತುಬಿದ್ದಿತ್ತು. ಸುದ್ದಿ ಮಾಡಲು ನಾನು ತಲುಪಿದಾಗ ಬೆಳಗ್ಗೆ ಎಂಟೂವರೆ. ಎಡಮಗ್ಗುಲಾಗಿ ಬಿದ್ದಿದೆ, ಡಾಕ್ಟರು ಇನ್ನೂ ಬಂದಿಲ್ಲ. ಸಾವಿನ ಕಾರಣ ಮಾತ್ರ ಆಗಲೇ ನನ್ನ ಮೊಬೈಲಿಗೆ ಬಂದು ಕೂತಿತ್ತು. ಎಡ ಮುಂಗಾಲಿನ ಹಳೇ ಗಾಯ ಕೊಳೆತು ಸತ್ತಿದೆ ಎಂದು ಸರ್ಕಾರದ ಪ್ರಕಟಣೆ. ಕೆಳಗೆ ಪತ್ರಿಕಾ ಕಾರ್ಯದರ್ಶಿ ಪದ್ಮಶ್ರೀ ಸಹಿ.

ಹನ್ನೊಂದಕ್ಕೆ ಜೆಸಿಬಿ ಬಂದು ಆನೆಯನ್ನು ಮಗುಚಿತು. ಎಡಗಾಲಲ್ಲಿ ಹಳೇ ಗಾಯವೂ ಇಲ್ಲ, ಮಣ್ಣೂ ಇಲ್ಲ. ತಂತಿ ಸುಟ್ಟ ಕಪ್ಪು ಗೆರೆ. ಕರೆಂಟು ಹೊಡೆದದ್ದು ಎಂದರು ಡಾಕ್ಟರು.

ಮಧ್ಯಾಹ್ನದೊಳಗೆ ಎಲ್ಲರೂ ಪದ್ಮಶ್ರೀ ಮೇಲೆ ಮುಗಿಬಿದ್ದರು. ಐದರೊಳಗೆ ವಿವರಣೆ ಕೊಡದಿದ್ದರೆ ಅಮಾನತು ಎಂದು ನೋಟಿಸು. ಇಪ್ಪತ್ತೆರಡು ವರ್ಷದ ನೌಕರಿ. ನನಗೋ ನಂಬಿಕೆಯಾಗಲಿಲ್ಲ. ಎಷ್ಟೋ ಸಲ ನನಗೆ ಸುದ್ದಿ ಕೊಡದೆ ಸತಾಯಿಸಿದ್ದಾರೆ, ಸುಳ್ಳು ಹೇಳಿದವರಲ್ಲ.

* * *

ಪೊಲೀಸರ ಮೊದಲ ಅನುಮಾನ ಪಕ್ಕದ ಹೊಲದ ಲಕ್ಷ್ಮಣಪ್ಪನ ಮೇಲೆ. ನಾನು ಹೋಗಿ ನೋಡಿದರೆ ಅವನ ಹೊಲಕ್ಕೆ ಕರೆಂಟೇ ಇಲ್ಲ. ಪೊಲೀಸರನ್ನು ಬೈದುಕೊಂಡೇ ಮಾತಾಡಿದ.

“ಕೋಳಿ ಕೂಗೋ ಹೊತ್ಗೆ ಮೇಲ್ಗಡೆ ಮಾವಿನ ತೋಟದಿಂದ ಟ್ರ್ಯಾಕ್ಟ್ರಿಗೆ ಕಟ್ಟಿ ಏನೋ ಎಳ್ಕಂಬಂದ್ರಪ್ಪಾ. ತೋಟ ಯಾರ್ದು ಅಂತ ಕೇಳ್ಬ್ಯಾಡ. ನಾನಿಲ್ಲೇ ಬಾಳ್ಬೇಕು.”

ತೋಟದ ಗೇಟಿಗೆ ಬೀಗ. ಬೇಲಿಯ ಕಂಬಗಳಿವೆ, ತಂತಿ ಮಾಯ. ಒಂದು ಫೋಟೊ ತೆಗೆದುಕೊಂಡೆ.

* * *

ಕೃಷ್ಣಗಿರಿಯ ಕಚೇರಿಯಲ್ಲಿ ಪದ್ಮಶ್ರೀ ಕೂತಲ್ಲಿ ಕೂರಲಾರದೆ ಅಡ್ಡಾಡುತ್ತಿದ್ದರು. ಬರೆದದ್ದು ತಾನಲ್ಲ, ಸಹಿ ತನ್ನದೇ ಎಂದರು. ಕೆದಕಿದಾಗ ಗುಟ್ಟು ಹೊರಬಿತ್ತು. ಕ್ಯಾಂಪಿಗೆ ಹೋಗುವಾಗ ನಾಲ್ಕೈದು ಖಾಲಿ ಹಾಳೆಗೆ ಸಹಿ ಹಾಕಿ ಕಪಾಟಿನಲ್ಲಿಡುವುದು ಅವರ ರೂಢಿ; ಹಿಂದಿನ ದಿನವೂ ಇಟ್ಟು ಹೋಗಿದ್ದರು. ಫೋನಿನಲ್ಲಿ ಹೇಳಿದ್ದನ್ನು ಸಹಾಯಕರು ಟೈಪು ಮಾಡಿ ಕಳಿಸುತ್ತಾರೆ. ಬೀಗದಕೈ ಇಬ್ಬರಲ್ಲಿತ್ತು: ಸಿಂಚನಾ, ಚನ್ನಕೇಶವ.

ಇಬ್ಬರ ಮುಂದೆಯೂ ಆ ಮಾವಿನ ತೋಟದ ಗೇಟಿನ ಫೋಟೊ ಹಿಡಿದೆ. ಚನ್ನಕೇಶವ ಗೊತ್ತಿಲ್ಲವೆಂದ. ಸಿಂಚನಾ ಮುಗ್ಧವಾಗಿ ಅವನ ಕಡೆ ತಿರುಗಿದಳು.

“ಇದು ನಿಮ್ಮ ತೋಟ ಅಲ್ವಾ ಸಾರ್? ಹೋದ ವಾರ ಹಣ್ಣು ತಂದ್ಕೊಟ್ಟಾಗ ಮೊಬೈಲಲ್ಲಿ ಇದೇ ಗೇಟು ತೋರಿಸಿದ್ರಿ.”

ಚನ್ನಕೇಶವನ ಮುಖ ಬಿಳಿಚಿತು. ಆಗ ನಾನು ಹೇಳಿದೆ. ಎಂಟೂವರೆಗೆ ಆ ಎಡಗಾಲು ಆನೆಯ ಅಡಿಯಲ್ಲಿತ್ತು, ಯಾರಿಗೂ ಕಾಣುವಂತಿರಲಿಲ್ಲ. ಅಲ್ಲಿ ಗುರುತಿದೆಯೆಂದು ಗೊತ್ತಿದ್ದದ್ದು ಅದನ್ನು ಎಳೆತಂದು ಮಲಗಿಸಿದವನಿಗೆ ಮಾತ್ರ. ಯಾರೂ ಕೇಳದ ಗಾಯಕ್ಕೆ ಮೊದಲೇ ಉತ್ತರ ಬರೆದು ಸಿಕ್ಕಿಬಿದ್ದ.

“ಸರ್ಕಾರ್ದೋರೇ ಕಾಯ್ಲೆ ಅಂದ್ಮೇಲೆ ಯಾರು ಮಗುಚಿ ನೋಡ್ತಾರೆ ಅಂದ್ಕಂಡೆ,” ಎಂದ ಚನ್ನಕೇಶವ. ಬೇಲಿಗೆ ಕರೆಂಟು ಕೊಟ್ಟದ್ದನ್ನೂ ಒಪ್ಪಿಕೊಂಡ.

* * *

ಪದ್ಮಶ್ರೀ ಹೊಸ ಪ್ರಕಟಣೆಯನ್ನು ತಾವೇ ಟೈಪು ಮಾಡಿದರು. ಖಾಲಿ ಹಾಳೆಗೆ ಸಹಿ ಹಾಕಿಟ್ಟದ್ದು ತಮ್ಮ ತಪ್ಪು ಎಂದೂ ಸೇರಿಸಿದರು. ಆ ಸಾಲು ತೆಗೆದರೆ ನೌಕರಿ ಉಳಿಯುತ್ತದೆಂದು ಮೇಲಿನಿಂದ ಫೋನು ಬಂತು. ತೆಗೀರಿ ಮೇಡಂ ಎಂದು ನಾನೂ ಗೋಗರೆದೆ.

“ನನ್ನ ಸಹಿ ಇರೋ ಸುಳ್ಳು ಒಂದು ಆಗ್ಲೇ ಊರೆಲ್ಲಾ ಸುತ್ತಿದೆ ಬೀರೇಶ್. ಇನ್ನೊಂದು ಬೇಡ.”

ಆರಕ್ಕೆ ಅಮಾನತು ಆದೇಶ ಬಂತು. ಅದನ್ನು ಪತ್ರಕರ್ತರಿಗೆಲ್ಲ ಕಳಿಸಬೇಕಾದವರೂ ಅವರೇ. ಒಂದಕ್ಷರ ಬದಲಿಸದೆ ಕಳಿಸಿದರು.