ಗಾಜಿನ ವಾಲ್ವ್

"ಅಂಗಡಿ ಮಾತಾಡ್ತೀನ್ರೀ, ವೈಟ್‌ಫೀಲ್ಡಿಂದ. ವಾಲ್ವ್ ಸಿಗ್ತಾವೇನ್ರೀ ನಿಮ್ಮಲ್ಲಿ?"

ನನ್ನ ನೆಮ್ಮದಿ ಹಾಳಾದದ್ದು ಈ ಒಂದು ಫೋನಿನಿಂದ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಶೆಡ್ಡು. ನೀರಿನ ಪೈಪಿಗೆ ಹಾಕುವ ಹಿತ್ತಾಳೆ ವಾಲ್ವ್ ಮಾಡುತ್ತೇವೆ. ಅಪ್ಪ ಲಕ್ಷ್ಮಣಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ನಡೆಸುವವಳು ನಾನು, ವೇಣಿ. ಯಾವುದೋ ಹಾರ್ಡ್‌ವೇರ್ ಅಂಗಡಿ ಎಂದುಕೊಂಡು ಎರಡು ಪೆಟ್ಟಿಗೆ ಮಾಲು ಕಳಿಸಿಬಿಟ್ಟೆ. ಪೆಟ್ಟಿಗೆ ಹಾಗೇ ವಾಪಸ್ ಬಂತು. ಮೈಯೆಲ್ಲ ಉರಿದುಹೋಯಿತು. ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಜಗಳಕ್ಕೆಂದೇ ವೈಟ್‌ಫೀಲ್ಡಿಗೆ ಹೋದೆ.

ಅಲ್ಲಿ ಅಂಗಡಿಯೂ ಇಲ್ಲ, ಮಣ್ಣೂ ಇಲ್ಲ. ಟೆಕ್ ಪಾರ್ಕೊಂದರ ನೆಲಮಹಡಿಯಲ್ಲಿ, ಕಂಪ್ಯೂಟರ್ ಹುಟ್ಟಿದ ಕಥೆ ಹೇಳುವ ಪ್ರದರ್ಶನವೊಂದು ತಯಾರಾಗುತ್ತಿತ್ತು. ವೈರುಗಳ ಗುಡ್ಡೆಯ ಮಧ್ಯೆ ಕೂತಿದ್ದವನು ಗಡಬಡಿಸಿ ಎದ್ದ.

"ಅಂಗಡಿ ಅನ್ನೋದು ನಮ್ಮ ಮನೆತನದ ಹೆಸರ್ರೀ. ಮಲ್ಲಿಕ್ ಅಂಗಡಿ. ಗದಗ ಕಡೆಯವ್ರು ನಾವು."

"ಅದು ಸರಿ, ಮಾಲ್ ಯಾಕ್ರೀ ವಾಪಸ್ ಕಳ್ಸಿದ್ರಿ?"

"ನಾ ಕೇಳಿದ್ದು ಗಾಜಿನ ವಾಲ್ವ್. ಹಳೇ ರೇಡಿಯೊದಾಗ ಇರ್ತಿದ್ವಲ್ರೀ, ಅವು. ಮೊದಲಿನ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅವುಗಳ ಮ್ಯಾಲೇ ನಡೀತಿದ್ವು."

"ಪೀಣ್ಯದಲ್ಲಿ ವಾಲ್ವ್ ಅಂದ್ರೆ ನೀರು ಬಿಡೋದು, ನಿಲ್ಸೋದು ಕಣ್ರೀ."

"ಇದೂ ಅದನ್ನ ಮಾಡ್ತೈತ್ರೀ. ನೀರಿನ ಬದ್ಲಿ ಕರೆಂಟು," ಎಂದು ನಕ್ಕ. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಬಲಗೆನ್ನೆಯಲ್ಲೂ ಬೀಳುತ್ತದೇನೋ ಎಂದು ನೋಡುತ್ತಾ ನಿಂತುಬಿಟ್ಟೆ. ಜಗಳಕ್ಕೆ ಹೋದವಳು ಟೀ ಕುಡಿದು ಬಂದೆ.

ಗಾಜಿನ ವಾಲ್ವ್ ಅವನಿಗೆ ಕೊನೆಗೆ ಎಸ್.ಪಿ. ರೋಡಿನ ಹಳೇ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕವು. ಅವು ಕೆಂಡದ ಹಾಗೆ ಕಾಯುತ್ತವೆ, ಗಾಳಿಯಾಡುವ ಪೆಟ್ಟಿಗೆ ಬೇಕು. ಅದನ್ನು ನಾನು ಮಾಡಿಕೊಡುತ್ತೇನೆ ಎಂದೆ. ಯಾಕೆ ಹಾಗಂದೆನೋ! ಆಮೇಲೆ ಒಂದು ಕಡೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಶೆಡ್ಡಿನ ಮುಂದೆ ಯಾವ ಆಟೊ ನಿಂತರೂ ಕತ್ತು ಹೊರಗೆ ಹೋಗುತ್ತಿತ್ತು. ಪೆಟ್ಟಿಗೆ ಎಲ್ಲಿಗೆ ಬಂತೆಂದು ನೋಡಲು ಅವನು ಬಂದರೆ, "ಏನ್ ಅಂಗಡಿಯವ್ರೆ, ಇವತ್ತು ಬಾಗ್ಲು ತೆಗೆದಿದೀರಾ?" ಎಂದು ಕೆಣಕುತ್ತಿದ್ದೆ. ಬರದಿದ್ದರೆ ಲೇತ್ ಕೆಲಸದವರ ಮೇಲೆ ರೇಗುತ್ತಿದ್ದೆ.

ಪೆಟ್ಟಿಗೆ ಸಿದ್ಧವಾದ ಮಧ್ಯಾಹ್ನ ಅವನು ನಮ್ಮ ಶೆಡ್ಡಿನಲ್ಲೇ ವಾಲ್ವ್‌ಗಳನ್ನು ಕೂರಿಸಿ ಸ್ವಿಚ್ ಒತ್ತಿದ. ಒಂದೊಂದೇ ಕಿತ್ತಳೆ ಬಣ್ಣಕ್ಕೆ ತಿರುಗಿದವು.

"ಇವೆರಡೂ ಜೋಡಿ. ಇದು ಕರೆಂಟ್ ಬಿಟ್ರ ಅದು ನಿಲ್ಲಿಸ್ತೈತಿ, ಅದು ಬಿಟ್ರ ಇದು. ಹಂಗ ಒಂದು ಅಂಕಿ ನೆನಪಿಟ್ಕೋತಾವ."

"ಇಬ್ರೂ ಒಟ್ಟಿಗೆ ಬಿಡೋದೇ ಇಲ್ವಾ?"

"ಇಲ್ರೀ."

"ಪಾಪ," ಎಂದೆ.

ನಾನು ವಾಲ್ವ್ ನೋಡಿದಾಗ ಅವನು ನನ್ನನ್ನು ನೋಡುತ್ತಿದ್ದ. ನಾನು ತಿರುಗಿದರೆ ಅವನ ಕಣ್ಣು ವೈರಿನ ಮೇಲೆ. ಕಳ್ಳ! ಆಮೇಲೆ ಫೋನಿನಲ್ಲಿ ಒಂದು ಹಳೆಯ ಫೋಟೊ ತೋರಿಸಿದ. ಅಮೆರಿಕದಲ್ಲಿ ಒಂದು ಇಡೀ ಕೋಣೆ ತುಂಬಿದ ಯಂತ್ರ, ಅದರ ಮುಂದೆ ಹೆಂಗಸರು. "ಯಂತ್ರ ಬರೂದಕ್ಕಿಂತ ಮೊದಲು ಕಂಪ್ಯೂಟರ್ ಅಂದ್ರ ಲೆಕ್ಕಾ ಮಾಡೋ ಮನುಷ್ಯಾರು. ಇವ್ರು ಅದೇ ಕೆಲಸದಾಗ ಇದ್ದವ್ರು. ಯಂತ್ರಕ್ಕ ಲೆಕ್ಕಾ ಕಲಿಸಿದವ್ರೂ ಇವ್ರೇ. ಆದ್ರ ಆವಾಗ ಒಬ್ರ ಹೆಸರೂ ಹೇಳಲಿಲ್ಲ, ನೋಡ್ರಿ." ಅವನ ದನಿಯಲ್ಲಿ ನಿಜವಾದ ಸಿಟ್ಟಿತ್ತು. ಆ ಸಿಟ್ಟಿಗೇ ನಾನು ಪೂರ್ತಿ ಬಿದ್ದುಹೋದೆ.

ತಡೆಯಲಾಗದೆ ಹೇಳಿಬಿಟ್ಟೆ. "ನೆಲಮಂಗಲದವ್ರು ನನ್ನ ನೋಡ್ಕೊಂಡು ಹೋಗವ್ರೆ. ಒಪ್ಕೊಂಡಿದಾರೆ. ಭಾನುವಾರ ಸಂಜೆ ಒಳಗೆ ನಾನು ಉತ್ರ ಹೇಳ್ಬೇಕು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹುಡುಗ ಚೊಲೋ ಅದಾನೇನ್ರೀ?"

ಕೈಯಲ್ಲಿದ್ದ ಸ್ಪ್ಯಾನರ್ ಎಸೆಯಬೇಕು ಅನ್ನಿಸಿತು. "ಬಂಗಾರದಂಥವ್ನು," ಎಂದೆ.

ಭಾನುವಾರವೇ ಪ್ರದರ್ಶನದ ಉದ್ಘಾಟನೆ. ಹೋಗಬಾರದು ಎಂದುಕೊಂಡೇ ಸೀರೆ ಉಟ್ಟೆ. ಚಿಕ್ಕಬಾಣಾವರದ ಮನೆಯಿಂದ ಹೊರಟವಳಿಗೆ ಮೆಟ್ರೊದಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ವೈಟ್‌ಫೀಲ್ಡಿನಲ್ಲಿ ಜನರ ಮಧ್ಯೆ ನಮ್ಮ ಯಂತ್ರ ಕೂಡುವ ಲೆಕ್ಕ ಮಾಡುತ್ತಾ ಮಿನುಗುತ್ತಿತ್ತು. ಪಕ್ಕದಲ್ಲಿ ಬಿಳಿ ಬೋರ್ಡು, ದುಡಿದವರೆಲ್ಲರ ಹೆಸರು. ವೈರಿಂಗ್ ಮಾಡಿದವರು, ಬಣ್ಣ ಹೊಡೆದವರು, ಎಲ್ಲರೂ ಇದ್ದರು. 'ಪೆಟ್ಟಿಗೆ' ಎಂಬುದರ ಎದುರು ಮಾತ್ರ ಖಾಲಿ.

ಅವನನ್ನು ಕಂಬದ ಮರೆಗೆ ಎಳೆದುಕೊಂಡು ಹೋದೆ. "ಆ ಹೆಂಗಸ್ರ ಹೆಸ್ರು ಬಿಟ್ರು ಅಂತ ಅಷ್ಟು ಭಾಷ್ಣ ಬಿಗಿದ್ರಲ್ಲ. ನಂದೆಲ್ರೀ?"

"ಎಲ್. ವೇಣಿ ಅಂತ ಬರದೆ ರೀ. ಆಮ್ಯಾಲೆ ಇನ್ನೊಂದು ಬರದೆ. ಅದನ್ನ ಓದಿ ನನಗ ಅಂಜಿಕಿ ಆತು. ಎರಡೂ ಅಳಿಸಿಬಿಟ್ಟೆ."

"ಇನ್ನೊಂದು ಏನು?"

ಅವನ ಕಿವಿ ಕೆಂಪಾಗಿತ್ತು. "ವೇಣಿ ಅಂಗಡಿ."

ನಗು, ಅಳು ಒಟ್ಟಿಗೇ ಬಂದವು. "ನನ್ನ ಕೇಳ್ದೆ ಬರೆದ್ರಾ?"

"ಅದಕ್ಕ ಅಳಿಸಿದ್ದು. ಈಗ ಕೇಳ್ತೀನಿ. ಅವತ್ತೇ ಕೇಳಬೇಕಿತ್ತು, ಬಾಯಿ ಬರಲಿಲ್ಲ. ನನಗ ನೀವು ಬೇಕ್ರೀ. ನೆಲಮಂಗಲದವ್ರಿಗೆ ಒಲ್ಲೆ ಅನ್ರಿ."

ಅವನ ಜೇಬಿನಿಂದ ಮಾರ್ಕರ್ ಕಿತ್ತುಕೊಂಡೆ. ಬೋರ್ಡಿನ ಖಾಲಿ ಜಾಗದಲ್ಲಿ ದಪ್ಪಗೆ 'ಎಲ್. ವೇಣಿ' ಎಂದು ಬರೆದೆ. "ನನ್ನ ಹೆಸ್ರು ಇದು. ಮದ್ವೆ ಆದ್ಮೇಲೂ ಇದೇ. ಒಪ್ಗೇನಾ?"

"ಒಪ್ಗಿ ರೀ, ಒಪ್ಗಿ!"

ಅಷ್ಟರಲ್ಲಿ ಅಮ್ಮನ ಫೋನು. "ಎಲ್ಲಿದೀಯೇ? ಅವ್ರು ಕಾಯ್ತಾವ್ರೆ. ಊಂ ಅನ್ಲಾ, ಬ್ಯಾಡ ಅನ್ಲಾ?"

"ಬೇಡ ಅನ್ನಮ್ಮ."

"ಬ್ಯಾರೆ ಯಾರಾನಾ ಅವ್ರೇನೆ?"

ಅವನನ್ನು ನೋಡಿದೆ. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ, ನಾನೂ ತಪ್ಪಿಸಲಿಲ್ಲ.

"ಇದಾರಮ್ಮ."

"ಎಸ್ರೇನೇ?"

ಇಷ್ಟು ದಿನ ತಮಾಷೆಗೆ ಅಂಗಡಿಯವ್ರೆ ಎಂದೇ ಕರೆದಿದ್ದೆ. ಈಗ ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು.

"ಮಲ್ಲಿಕ್," ಎಂದೆ.

ಎದುರಿಗೆ ನಿಂತಿದ್ದವನು, ಕರೆದದ್ದು ತನ್ನನ್ನೇ ಎಂಬಂತೆ, "ಹೇಳ್ರೀ," ಎಂದ.